ಬ್ರಾಂಟನ್ ಖರಾಬ್ ಗಾಡಿ ಇರಲಿಲ್ರಿ

ಜಹೀರಾಬಾದ್ ಟೇಶನ್ ಮುಂದ ಚಹಾ ಕುಡಕೋತ ನಿಂತವರಿಗಿ ಯಾರಿಗರ ಕೇಳ್ರಿ, ಬ್ರಾಂಟನ್ ಮೋಟರ್ ಹ್ಯಾಂಗಿತ್ತು ಅಂತ. "ಥೂ, ಅದೂ ಒಂದು ಗಾಡೀನೇನ್ರಿ, ಖರಾಬ್ ಮಾಲ್" ಅಂತಾರ. ಹಂಗ ಅನ್ನೋರ್ದಾಗ ಅರ್ಧ ಮಂದಿ ಅದರಾಗ ಒಮ್ಮಿನೂ ಕುಂತಿಲ್ಲ. ಇನ್ನರ್ಧ ಮಂದಿ ಬಾಸಿಂಗ ಕಟ್ಟಕೊಂಡು ಅದರಾಗೇ ಕುಂತು ಮದಿವಿ ಆಗಿ ಬಂದಾರ. ಈಗ ಹೆಂಡ್ತಿ ಚಲೋ ಆಗ್ಯಾಳಂತ, ಗಾಡಿ ಖರಾಬ್ ಆಗ್ಯದಂತ. ನನಗ ಮೈ ಉರೀತದ.

ಬ್ರಾಂಟನ್ ಬಗ್ಗಿ ನನಗ ಗೊತ್ತಿದ್ದಷ್ಟು ಈ ತಾಲೂಕಿನಾಗ ಯಾರಿಗೂ ಗೊತ್ತಿಲ್ಲ, ಧರ್ಮಣ್ಣ ಕಾಕಾಗ ಒಬ್ಬಂಗ ಬಿಟ್ಟು. ಗೊತ್ತಿದ್ದದ್ದೆಲ್ಲಾ ಅವನೇ ಹೇಳಿದ್ದು. ಅದಕ್ಕ ಗಾಡಿ ಕತಿ ಹೇಳ್ಬೇಕಂದ್ರ ಅವನ ಕತೀನೇ ಹೇಳಬೇಕು.

ಧರ್ಮಣ್ಣ ಮನೂರ್ ಕಡಿಯಾಂವ. ಕುರಿ ಸಾಕೋ ಮನಿತನ. ಅಪ್ಪ ಲಗೂ ಹೋದ, ಅವ್ವ ಸುಭದ್ರಮ್ಮ ಕುರಿ, ಎರಡೆತ್ತು, ತುಣುಕು ಹೊಲ ನೋಡಕೊಂಡು ಇವನಿಗಿ ದೊಡ್ಡಾಂವ ಮಾಡಿದ್ಳು. ಮೀಸಿ ಬರೋ ವಯಸ್ಸಿನಾಗ ಒಮ್ಮಿ ಕುರಿ ಹೊಡಕೊಂಡು ತಾಂಡೂರಿಗಿ ಹೋಗಿದ್ದ, ರೈಲಿಗಿ ಹಾಕಿ ಕಳಸಾಕ. ಅವತ್ತೇ ಮಾಲಗಾಡಿಯಿಂದ ಒಂದು ಮೋಟರ್ ಇಳಸಾಕ ಹತ್ತಿದ್ರು. ಜಹೀರಾಬಾದಿನ ಮಾಣಿಕಪ್ಪ ಸಾವಕಾರ ತರಸಿದ್ದು. ಹಲಗಿ ಇಟ್ಟಾರ, ಗಾಡಿ ಇಳಿಯಾಕ ಹತ್ಯದ, ಕೆಳಗ ಇವನ ಕುರಿ ತುಂಬ್ಯಾವ. ಸಾವಕಾರ ಮ್ಯಾಲಿಂದ ಒದರ್‍ಯಾನ, "ಲೇ, ಕುರಿ ತಗೀಲೇ!"

ಇಂವ ಕುರಿ ತಗೀಲಿಲ್ಲ. ಬಾಯಿ ತಕ್ಕೊಂಡು ಗಾಡಿ ನೋಡಕೋತ ನಿಂತ. ಬದನಿಕಾಯಿ ಬಣ್ಣ, ಮೂತಿ ಮ್ಯಾಲ ಒಂಟಿ ಕಾಲಾಗ ನಿಂತ ಹಿತ್ತಾಳಿ ಕೊಕ್ಕರಿ. ಅಷ್ಟರಾಗ ಹಲಗಿ ಜಾರಿ ಗಾಡಿ ಒಂದ್ ಕಡಿ ವಾಲ್ತು. ಧರ್ಮಣ್ಣ ಓಡಿ ಹೋಗಿ ಹೆಗಲ ಕೊಟ್ಟ. ಭುಜದ ಮ್ಯಾಲ ಆ ಪೆಟ್ಟಿನ ಕಲಿ ಇನ್ನೂ ಅದ, ಅಂಗಿ ಸರಿಸಿ ತೋರಸ್ತಾನ.

"ಹೆಸರೇನಲೇ?" ಅಂದ ಸಾವಕಾರ.

"ಧರ್ಮಣ್ಣ ಅಂತಾರ್ರಿ."

"ನನ್ ಕೂಡ ಬರ್ತಿ?"

"ಕುರಿ?"

"ಕುರಿ ರೈಲಿನಾಗ ಹೋಗ್ತಾವ, ನೀ ಮೋಟರ್‌ನಾಗ ಬಾ. ನಿನಕಿಂತ ಅವೇ ಶಾಣ್ಯಾ ಅನಿಸ್ತಾವ, ದಾರಿ ಬಿಟ್ಟು ನಿಂತಾವ ನೋಡು."

ಇಂವ ಬಂದ. ಗಾಡಿ ಕೂಡ ಕಂಪ್ನಿ ಮನುಷ್ಯ ಒಬ್ಬ ಬಂದಿದ್ದ, ಅಂವ ಇದ್ದಷ್ಟು ದಿನ ಧರ್ಮಣ್ಣ ಅವನ ನೆರಳಾಗಿ ತಿರಗಿ ನಡಸಾಕ ಕಲ್ತ. ಅವ ಹೋದ ಮ್ಯಾಲ ಸ್ಟೇರಿಂಗ್ ಹಿಂದ ಧರ್ಮಣ್ಣನೇ ಕುಂತ. ಹೊತ್ತಾರಿ ಜಹೀರಾಬಾದ್, ಮಧ್ಯಾಹ್ನ ನಾರಾಯಣಖೇಡ, ಸಂಜಿಗಿ ಮತ್ತ ಜಹೀರಾಬಾದ್. ಮಾಂಜ್ರಾ ಹೊಳಿ ಉಸುಕಿನಾಗ ಬ್ಯಾರೆ ಮೋಟರ್ ಹೂತು ನಿಂತ್ರ ಬ್ರಾಂಟನ್ ಎಮ್ಮಿ ಹಂಗ ಹಾದು ಹೋಗ್ತಿತ್ತಂತ. ಇದು ಕಾಕಾ ಒಬ್ಬನೇ ಹೇಳೋ ಮಾತಲ್ಲ, ಸಿರ್ಗಾಪುರದ ಪೋಚಪ್ಪಗ ಕೇಳ್ರಿ, ಅವನ ಬೀಗರು ನೀರಾಗ ಒದ್ದಿ ಆಗದೆ ಮದಿವಿಗಿ ಬಂದದ್ದು ಈ ಗಾಡಿಯಾಗೇ.

ಮೊದಲ ಮೊದಲ ಮಂದಿ ಚಾಷ್ಟಿ ಮಾಡ್ತಿದ್ರು. "ಏ ಧರ್ಮ್ಯಾ, ಮೇವು ಹಾಕಿದೇನು ಗಾಡಿಗಿ? ತುಪ್ಪಟ ಯಾವಾಗ ಕತ್ತರಸ್ತಿ?" ಆಮ್ಯಾಲ ಅವರೇ "ಡ್ರೈವರ್ ಸಾಬ್, ನಮ್ಮವ್ವಗ ಒಂದು ಜಾಗಾ ಕೊಡ್ರಿ" ಅನ್ನಾಕ ಹತ್ತಿದ್ರು. ಮನೂರ್ ಕುರಿ ಕಾಯಾಂವಗ ಸಾಬ್! ಅವ್ವ ಸುಭದ್ರಮ್ಮ ದಾರಿ ಬಾಜೂಕ ನಿಂತು, ಮಗ ಬಂದ್ರ ಗಾಡಿ ಮೂತಿಗಿ ಕೈ ಮುಟ್ಟಿ ಹಣಿಗಿ ಹಚ್ಚಕೋತಿದ್ಳು.

ಅದು ಬ್ರಾಂಟನ್ ಕಾಲ. ತಾಂಡೂರಿನ ಕಲ್ಲಿನ ಖಣಿ ಮಾಲಕ ಒಂದು ತಕ್ಕೊಂಡ, ನಾರಾಯಣಖೇಡದಾಗ ಎರಡು ಬಂದ್ವು. ಟೇಶನ್ ಮುಂದ ನಾಕು ಕೊಕ್ಕರಿ ಸಾಲಾಗಿ ನಿಂತ್ರ ಕೆರಿ ದಂಡಿ ಕಂಡಂಗ ಕಾಣ್ತಿತ್ತಂತ. ನಾ ಆಗ ಹುಟ್ಟಿದ್ದೋ ಇಲ್ಲೋ. ನನ್ನ ನಸೀಬು ನೋಡ್ರಿ.

ಆಮ್ಯಾಲ ಒಂದಿನ ಧರ್ಮಣ್ಣ ಬ್ರೇಕಿನ ಸಾಮಾನ ತರಾಕ ಹೈದರಾಬಾದಿಗಿ ಹೋದ. ಬ್ರಾಂಟನ್ ಏಜಂಟನ ದುಕಾನದಾಗ ಕಾಲಿಟ್ರ ಒಬ್ಬಾಂವ ಗಜಕಟ್ಟಿ ಹಿಡಕೊಂಡು ನಿಂತಾನ. "ಎಷ್ಟು ಗಜ ಬೇಕ್ರಿ?"

"ಬ್ರೇಕಿನ ಪಟ್ಟಿ ಬೇಕಾಗಿತ್ರಿ."

"ರೇಶ್ಮಿ ಪಟ್ಟಿ ಅದ, ಝರಿ ಪಟ್ಟಿ ಅದ. ಬ್ರೇಕಿನ ಪಟ್ಟಿ ಇಲ್ಲ. ಅವರು ಎದ್ದು ಹೋದ್ರಪ್ಪ. ವಿಲಾಯತಿನಾಗ ಕಂಪ್ನೀನೇ ಮುಳಗ್ಯದಂತ."

ಧರ್ಮಣ್ಣ ಹೊರಗ ಬಂದು ಬೋರ್ಡ್ ನೋಡಿದ. ಕೊಕ್ಕರಿ ಮ್ಯಾಲ ಸುಣ್ಣ ಬಳದಿದ್ರು, ಒಂದು ಕಾಲು ಮಾತ್ರ ಕಾಣ್ತಿತ್ತು.

ಅಲ್ಲಿಂದ ಸಾವು ಶುರು ಆತು ನೋಡ್ರಿ. ಸಾಮಾನ ಸಿಗಲಾರದ್ದಕ್ಕ ತಾಂಡೂರಿಂದು ಮೊದಲ ನಿಂತ್ತು. ನಾರಾಯಣಖೇಡದವರು ತಮ್ಮೆರಡೂ ಬಿಟ್ಟು ಬ್ಯಾರೆ ಕಂಪ್ನಿ ಗಾಡಿ ತಂದ್ರು. ಯಾವ ಬ್ರಾಂಟನ್ ಸತ್ರೂ ಧರ್ಮಣ್ಣ ಮಣ್ಣಿಗಿ ಹೋದಂಗ ಹೋಗ್ತಿದ್ದ, ಬರುವಾಗ ಒಂದು ಚೀಲ ಸಾಮಾನ ತರ್ತಿದ್ದ. ಹಂಗ ಮೂರು ಸತ್ತು ಒಂದು ಬದುಕ್ತು. ಮಾಣಿಕಪ್ಪ ಸಾವಕಾರ ಎಷ್ಟೋ ಸಲ ಅಂದ, "ಮಾರಿ ಬಿಡೋಣೋ ಇದಕ್ಕ, ಎಲ್ಲರೂ ಬ್ಯಾರೆ ತಕ್ಕೊಂಡಾರ." ಪ್ರತಿ ಸಲ ಧರ್ಮಣ್ಣಂದು ಒಂದೇ ಮಾತು. "ಸಾವಕಾರ್ರೆ, ಇಂಥಾ ಗಾಡಿ ಮತ್ತ ಹುಟ್ಟಲ್ರಿ. ನನ್ನ ಮಾತಿನ ಮ್ಯಾಲ ಇಡ್ರಿ." ಸಾವಕಾರ ಇಟ್ಟ. ಅವನ ಮಾತಿನ ಮ್ಯಾಲೇ ಇಟ್ಟ. ಇದು ನೆನಪಿನಾಗ ಇರ್ಲಿ.

ಈಗ ಕಾರಹುಣ್ಣಿವಿ ಮಾತು. ನಮ್ಮ ಕಡಿ ಕಾರಹುಣ್ಣಿವಿಗಿ ಎತ್ತಿಗಿ ಗೊಟ್ಟ ಹಾಕತಾರ, ಬಿದರಿನ ನಳಿಗಿಯಾಗ ಎಣ್ಣಿ, ಅರಿಶಿಣ ಹಾಕಿ ಬಾಯಿ ಎತ್ತಿ ಗಂಟಲಕ್ಕ ಸುರಿತಾರ. ಮಳಿಗಾಲದ ದುಡತಕ್ಕ ಮೈ ಗಟ್ಟಿ ಆಗಲಿ ಅಂತ. ಒಂದ್ ವರ್ಷ ಆ ದಿನಾನೇ ದಾರಿಯಾಗ ಬ್ರಾಂಟನ್ ಇಂಜಿನ್ ಎಣ್ಣಿ ಸೋರಿ ಖಾಲಿ ಆಗಿತ್ತು. ಗಾಡಿಯಾಗ ಕುಂತಿದ್ದ ಈರಮ್ಮ ಅನ್ನೋ ಮುದುಕಿ ಬಲ್ಲಿ ಔಡಲೆಣ್ಣಿ ಗಡಿಗಿ ಇತ್ತು. "ಹಾಕಪ್ಪ, ಇವತ್ತ ಇದರದೂ ಹಬ್ಬ" ಅಂದ್ಳಂತ. ಹಾಕಿದ. ಗಾಡಿ ಹುರುಪಿಲೆ ಓಡಿ ಊರಿಗಿ ಬಂತು. ಅವತ್ತಿಂದ ಪದ್ಧತಿ ಆತು. ಪ್ರತಿ ಕಾರಹುಣ್ಣಿವಿಗಿ ಸಾವಕಾರನ ಎತ್ತಿಗಿ ಗೊಟ್ಟ, ಬ್ರಾಂಟನ್‌ಗೂ ಗೊಟ್ಟ. ಅದೇ ಬಿದರಿನ ನಳಿಗಿ. ಮಂದಿ ನೋಡಾಕ ಬರ್ತಿದ್ರು. ಅವ್ವ ಸುಭದ್ರಮ್ಮ ಔಡಲೆಣ್ಣಿ ತಾನೇ ಕಾಸಿ ತರ್ತಿದ್ಳು. ಗಾಡಿಗಿ ಏನೂ ಆಗಲಿಲ್ಲ. ಇನ್ನಾ ಚಲೋ ಓಡ್ತಿತ್ತು ಅಂತಾನ ಕಾಕಾ.

ಲಡಾಯಿ ಶುರು ಆದ ಮ್ಯಾಲಿನ ಮಾತು. ಸರ್ಕಾರದವರು ನಾರಾಯಣಖೇಡಕ್ಕ ಟಪ್ಪಾ ಚೀಲ, ಅಂದ್ರ ಅಂಚಿ ಕಾಗದದ ಚೀಲ, ಮೋಟರ್ ಮ್ಯಾಲ ಕಳಸ್ಬೇಕಂತ ಮಾಡಿದ್ರು. ಒಂದೇ ಮೋಟರಿಗಿ ಪರವಾನಗಿ. ಸಾಹೇಬ್ರು ಬಂದು ತಪಾಸಣಿ ಮಾಡ್ತಾರ, ಪಾಸಾದ ಗಾಡೀನೇ ಆ ದಾರಿಗಿ, ಉಳದವು ಮನಿಗಿ. ಸಾವಕಾರ ಕರದು ಹೇಳಿದ, "ಧರ್ಮಣ್ಣ, ಹೊಸಾ ಗಾಡಿ ತರ್ತೀನಂದ್ರ ನೀ ಬ್ಯಾಡಂದಿ. ಇದು ಪಾಸಾದ್ರ ನೀ ಇರೋತನಕ ಸ್ಟೇರಿಂಗ್ ನಿಂದೇ. ಪಾಸಾಗಲಿಲ್ಲಂದ್ರ ನಿನ್ನ ಕುರಿ ನಿನಗ."

"ಪಾಸಾಗ್ತದ್ರಿ," ಅಂದ ಧರ್ಮಣ್ಣ.

ತಪಾಸಣಿ ಇದ್ದದ್ದು ಕಾರಹುಣ್ಣಿವಿ ಆಗಿ ಹದಿನೈದು ದಿನಕ್ಕ. ಹಬ್ಬದ ದಿನ ಅವ್ವ ಎಣ್ಣಿ ಗಿಂಡಿ ಹಿಡಕೊಂಡು ಮನೂರಿಂದ ಬಂದ್ಳು. ಧರ್ಮಣ್ಣ ಮೂಸಿ ನೋಡಿದ.

"ಇದು ಔಡಲ ಅಲ್ಲಲಬೇ ಯವ್ವ?"

"ಔಡಲ ಎಲ್ಲೀದು ತರ್ಲಿ? ಎಲ್ಲಾ ಲಡಾಯಿಗಿ ಒಯ್ಯಾಕ ಹತ್ಯಾರಂತ, ಗಾಣದವ ಖಾಲಿ ಕೈ ತೋರಸ್ದ. ಇದು ನಂ ಹೊಲದ ಕುಸಬಿ. ಮೊದಲ ಹಿಂಡಿದ ಎಣ್ಣಿ. ಒಂದ್ ತೊಟ್ಟೂ ಒಗ್ಗರಣಿಗಿ ಹಾಕಿಲ್ಲ, ಇದಕ್ಕಂತ ತಗದಿಟ್ಟೀನಿ. ಎತ್ತಿಗಿ ಇದೇ ಅಲ್ಲೇನು ಹಾಕೋದು?"

ಖರೇನೇ, ಎತ್ತಿಗಿ ಅದೇ. ಧರ್ಮಣ್ಣಗೂ ತಪ್ಪು ಅನಿಸಲಿಲ್ಲ. ಅದೂ ಈ ವರ್ಷ ತಪಾಸಣಿ ಅದ, ಕಮ್ಮಿ ಮಾಡಬಾರದಂತ, ಬ್ಯಾರೆ ವರ್ಷ ಒಂದು ಗೊಟ್ಟ ಹಾಕಾಂವ ಪೂರಾ ಗಿಂಡಿನೇ ಸುರದ. ಮಂದಿ ಹೋ ಅಂತ ಕೂಗ್ಯಾರ. ಅವ್ವ ಗಾಡಿ ಮೂತಿಗಿ ಅರಿಶಿಣ ಹಚ್ಯಾಳ. ಒಂದು ವಾರ ಗಾಡಿ ಓಡ್ತು, ಬಿಸಲಾಗ, ಭರ್ತಿ ಮಂದಿ ಹಾಕೊಂಡು. ಆಮ್ಯಾಲ ಸಾವಕಾರ ಅಂದ, "ಬಣ್ಣ ಹಚ್ಚಸೋಣ, ಸಾಹೇಬ್ರ ಕಣ್ಣಿಗಿ ಹೊಸದು ಕಾಣ್ಬೇಕು." ಬಣ್ಣ ಹಚ್ಚಿ ಬೇವಿನ ಗಿಡದ ಕೆಳಗ ನಿಲ್ಲಸ್ಯಾರ. ಧೂಳು ಕುಂದರಬಾರದಂತ ತಪಾಸಣಿ ತನಕ ಚಾಲೂ ಮಾಡಲಿಲ್ಲ, ಸರಸ್ಲಿಲ್ಲ.

ಕುಸಬಿ ಎಣ್ಣಿ ಹ್ಯಾಂಗಂದ್ರ, ಹೆಂಗಸರಿಗಿ ಗೊತ್ತಿರತದ, ಕಾಸಿದ ಬಾಣಲಿ ತೊಳೀದೆ ಬಿಟ್ರ ಅಂಟು ಕುಂದರತದ, ಉಗರ್‍ಲೆ ಕೆರದ್ರೂ ಹೋಗಲ್ಲ. ಔಡಲ ಹಂಗಲ್ಲ. ಗಾಡಿಗೂ ಬಾಣಲೀಗೂ ಏನು ಸಂಬಂಧ ಅಂತ ಯಾರು ವಿಚಾರ ಮಾಡ್ತಾರ್ರಿ?

ತಪಾಸಣಿ ದಿನ ಸಾಹೇಬ ಬಂದು ಕುರ್ಚಿ ಮ್ಯಾಲ ಕುಂತ. ಸಾವಕಾರ ಶರಬತ್ ಕೊಟ್ಟ. ಬ್ರಾಂಟನ್ ಬದನಿಕಾಯಿ ಹಂಗ ಮಿಂಚಾಕ ಹತ್ಯದ. ಧರ್ಮಣ್ಣ ಹೊಸಾ ರುಮಾಲ ಸುತ್ಯಾನ. ಚಾಲೂ ಮಾಡಾಕ ಗಾಡಿ ಮೂತಿಗಿ ಹ್ಯಾಂಡಲ್ ಹಾಕಿ ತಿರುವಿದ. ತಿರುಗಲಿಲ್ಲ. ಮತ್ತ ತಿರುವಿದ. ಕಲ್ಲಿಗಿ ಹ್ಯಾಂಡಲ್ ಹಾಕಿದಂಗ.

ಸಾಹೇಬ ನಕ್ಕ. "ಕ್ಯಾ ಮಿಯಾ, ಸೋ ಗಯೀ?" ಗಾಡಿ ಮಲಕ್ಕೊಂತೇನು ಅಂತ.

"ಒಂದು ನಿಮಿಷ ಸಾಬ್, ಒಂದೇ ನಿಮಿಷ."

ಇಬ್ಬರು ಹ್ಯಾಂಡಲ್ ಹಿಡದ್ರು, ಆಗಲಿಲ್ಲ. ಸಾವಕಾರಂಗ ಮಾನ ಹೋಗಾಕ ಹತ್ಯದ. "ಎತ್ತು ಕಟ್ರಲೇ!" ಅಂತ ಒದರ್‍ದ. ಗೊಟ್ಟ ಕುಡದು ಗಟ್ಟಿ ಆದ ಎತ್ತು, ಅವೇ ಎತ್ತು, ಹಗ್ಗ ಕಟ್ಟಿ ಬ್ರಾಂಟನ್‌ಗ ಜಗ್ಗಿಸಿದ್ರು. ಧರ್ಮಣ್ಣ ಒಳಗ ಕುಂತು ಗೇರ್ ಹಾಕಿದ. ಎತ್ತು ಜಗ್ಗ್ಯಾವ, ಹಿಂದಿನ ಗಾಲಿ ತಿರಗದೆ ಮಣ್ಣು ಉತಕೋತ ಹೋಗ್ಯಾವ, ಆಮ್ಯಾಲ ಒಳಗ ಕಟ್ ಅಂತ ಸಪ್ಪಳ ಆತು. ಗೇರಿನ ಹಲ್ಲಿನ ಗಾಲಿ ಮುರದಿತ್ತು. ಬ್ಯಾರೆ ಕಂಪ್ನಿ ಗಾಡಿ ಆಗಿದ್ರ ಹೈದರಾಬಾದಿಂದ ಎರಡ ದಿನಕ್ಕ ಅಂಥಾದೇ ಬರ್ತಿತ್ತು. ಬ್ರಾಂಟನ್ ಹಲ್ಲಿನ ಗಾಲಿ ದುನಿಯಾದಾಗ ಎಲ್ಲೂ ಇರಲಿಲ್ಲ. ಸತ್ತ ಮೂರು ಗಾಡಿಗಳವು ಈ ಗಾಡಿ ಮೊದಲೇ ತಿಂದು ಮುಗಿಸಿತ್ತು.

ಧರ್ಮಣ್ಣ ಇಳದು ಇಂಜಿನ್ ಕೆಳಗಿನ ಎಣ್ಣಿ ಡಬ್ಬಿ ಬಿಚ್ಚಿದ. ಒಳಗ ಬೆಲ್ಲದ ಪಾಕ ಹಂಗ, ಕೆಂಪಗ, ಜಿಗಟ. ಬೆರಳಿಗಿ ಹತ್ತಿದ್ದು ಮೂಗಿನ ಬಲ್ಲಿ ಹಿಡದ. ಅವ್ವನ ಅಡಗಿ ಮನಿ ವಾಸನಿ.

ಆಕೀನೂ ಅಲ್ಲೇ ನಿಂತಿದ್ಳು. ಮಗ ಗೆಲ್ಲೋದು ನೋಡಾಕ ಬಂದಿದ್ಳು. "ಏನಾತಪ್ಪ? ಎಣ್ಣೀದೇನರ..." ಅಂತ ಬಾಯಿ ತಗದ್ಳು.

ಧರ್ಮಣ್ಣ ಆಕೀಗಿ ಮುಗಸಾಕ ಬಿಡಲಿಲ್ಲ. ಎದ್ದು ನಿಂತು ಎಲ್ಲರ ಮುಂದ, ಜೋರ್‌ಲೆ ಅಂದ. "ಗಾಡೀನೇ ಖರಾಬ್ ಅದರಿ. ಕಂಪ್ನೀನೇ ಖರಾಬ್ ಇತ್ತು. ಮೊದಲಿಂದ ಹಿಂಗೇ."

ಹುಡುಗೂರು ನಕ್ಕವು. ಸಾಹೇಬ ಎದ್ದ. ಮಾಣಿಕಪ್ಪ ಸಾವಕಾರ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಕ ಕೇಳಿದ, "ಮೊದಲಿಂದ?"

"ಹೌದ್ರಿ."

"ಹಂಗಾರ ಇಷ್ಟು ವರ್ಷ ಇಂಥಾ ಗಾಡಿ ಮತ್ತ ಹುಟ್ಟಲ್ಲ ಅಂತ ನನಗ ಸುಳ್ಳ ಹೇಳ್ದಿ. ಮೋಟರ್ ಕೆಟ್ರ ನಾ ಇನ್ನೊಂದು ತರ್ತೀನಿ ಧರ್ಮಣ್ಣ. ಮಾತು ಕೆಟ್ಟಾಂವಗ ಎಲ್ಲಿಂದ ಸಾಮಾನ ತರ್ಲಿ?"

ಧರ್ಮಣ್ಣ ಬೆರಳಿಗಿ ಹತ್ತಿದ್ದು ಧೋತರಕ್ಕ ಒರಸಕೊಂಡ. ಖರೇ ಕಾರಣ ಹೇಳ್ಬೇಕಂದ್ರ ಅವ್ವ ಎದುರಿಗೇ ನಿಂತಿದ್ಳು.

ಸಾವಕಾರಗ ಏನು ಹೋತ್ರಿ? ಬ್ಯಾರೆ ಕಂಪ್ನಿ ಗಾಡಿ ತಂದ, ಪರವಾನಗೀನೂ ಅವಂಗೇ ಸಿಕ್ತು, ಹೈದರಾಬಾದಿನ ಡ್ರೈವರ್ ಬಂದ. ಬ್ರಾಂಟನ್ ಮ್ಯಾಲಿನ ತಗಡು ತಗದು ಕೊಟ್ಟಿಗ್ಯಾಗ ಇಟ್ಟಾರ, ಅದರಾಗೇ ಎತ್ತಿಗಿ ನುಚ್ಚು ಹಾಕತಾರ. ಕೊಕ್ಕರಿ ಎಲ್ಲಿ ಹೋತೋ ಗೊತ್ತಿಲ್ಲ. ನಾ ಭಾಳ ಹುಡುಕೀನಿ.

ಧರ್ಮಣ್ಣ ಮನೂರಿಗಿ ಹೋಗಿ ಕುರಿ ಹಿಡದ. ಮನಿಗಿ ಹೋಗೋ ದಾರಿಯಾಗ ಅವ್ವ ಅಂದಿದ್ದಳಂತ, "ಕಂಪ್ನೀಗಿ ಯಾಕ ಬೈದ್ಯಪ್ಪ? ಹುಟ್ಟಿದಾಗಿಂದ ಕುಸಬಿ ಕಾಸೀನಿ, ನನಗ ವಾಸನಿ ಗೊತ್ತಾಗಲ್ಲೇನು?" ಅಂವ, "ಸುಮ್ಮನ ನಡಿಬೇ" ಅಂದ. ಆಮ್ಯಾಲ ಆಕಿ ಇರೋತನಕ ಆ ಮನಿಯಾಗ ಕುಸಬಿ ಬಿತ್ತಲಿಲ್ಲ, ಆ ಮಾತೂ ಎತ್ತಲಿಲ್ಲ. ಹೋದ ವರ್ಷ ಸತ್ಳು.

ಇದನ್ನ ಕಾಕಾ ಹೇಳಿದ್ದು ಮೊನ್ನಿ ಮೊನ್ನಿ, ಅದೂ ನಾ ಬೆನ್ನು ಬಿದ್ದು ಬಿದ್ದು ಕೇಳಿದ್ದಕ್ಕ. ಹಂಗಾರ ಗಾಡೀದು ತಪ್ಪೇ ಇಲ್ಲ! ಸಂತಿ ದಿನ ಅವನಿಗಿ ಜಹೀರಾಬಾದ್ ಟೇಶನ್ ಮುಂದ ಕರಕೊಂಡು ಬಂದೆ. ಚಹಾದ ಅಂಗಡಿ ಬಲ್ಲಿ ಅದೇ ಮಂದಿ ಕುಂತಿದ್ರು. ನಾ ಅಂದೆ, "ಈಗ ಕೇಳ್ರಿ, ಬ್ರಾಂಟನ್ ಹ್ಯಾಂಗಿತ್ತಂತ ಧರ್ಮಣ್ಣ ಕಾಕಾನೇ ಹೇಳ್ತಾನ."

ಎಲ್ಲರೂ ಅವನ ಮಾರಿ ನೋಡ್ಯಾರ. ಕಾಕಾ ಚಹಾದ ಬಶಿ ಕೆಳಗ ಇಟ್ಟ.

"ಖರಾಬೇ ಇತ್ರಿ," ಅಂದ.

ಅವರು ನಕ್ರು. ನಾ ಅವನಿಗಿ ಬಾಜೂಕ ಜಗ್ಗಿ ಕೇಳಿದೆ, "ಅವ್ವ ಹೋಗಿ ವರ್ಷ ಆತಲ್ಲ ಕಾಕಾ, ಈಗ ಯಾರಿಗಿ ಅಂಜತಿ?"

"ಅಂಜಿಕಿ ಯಾತರದೋ. ಇದ್ದಾಗ ಆಕಿ ಮ್ಯಾಲ ತಪ್ಪು ಹಾಕಲಿಲ್ಲ, ಸತ್ತ ಮ್ಯಾಲ ಹಾಕಲೇನು?"

"ಗಾಡಿ ಮ್ಯಾಲ ಹಾಕಬಹುದೇನು ಹಂಗಾರ?"

ಅಷ್ಟರಾಗ ಟಪ್ಪಾ ಮೋಟರ್ ಹಾರ್ನ್ ಹೊಡಕೋತ ಬಂತು, ಡ್ರೈವರ್ ತಲಿ ಹೊರಗ ಹಾಕಿ ಒದರ್‍ದ, "ಏ ಮುದುಕ, ಕುರಿ ತಗಿ!" ಸಂತಿಗಿ ತಂದ ಕುರಿ ದಾರಿ ತುಂಬ ನಿಂತಿದ್ವು. ಕಾಕಾ ಈ ಸಲ ಗಾಡಿ ನೋಡಕೋತ ನಿಂದ್ರಲಿಲ್ಲ. ಕೋಲು ತಕ್ಕೊಂಡು ಓಡಿ ಹೋಗಿ ಕುರಿ ಬಾಜೂಕ ಹೊಡದ, ಮೋಟರ್ ಹೋಗೋತನಕ ಅದರ ಕಡಿ ಬೆನ್ನು ಮಾಡೇ ನಿಂತಿದ್ದ.