ಸಾಕ್ಷಿಯ ಕೈ ಮೊದಲು ಏಳಬೇಕು

ನಿಪ್ಪಾಣಿ ಕಡೆಯ ಅಕ್ಕೋಳದಲ್ಲಿ ಬೆಳಗಿನ ಐದೂವರೆ. ಸುಂದರಾಬಾಯಿ ನೆನೆಸಿಟ್ಟ ಬೀಡಿ ಎಲೆಯನ್ನು ಗೋಣಿತಟ್ಟಿನಿಂದ ಬಿಚ್ಚುತ್ತಾರೆ, ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುತ್ತಾರೆ. ತಂಬಾಕಿನ ಘಾಟಿಗೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಾರೆ. ವಯಸ್ಸು ಐವತ್ತಾರು. ದಿನಕ್ಕೆ ಎಂಟುನೂರು ಬೀಡಿ. ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಗಿದೆ. ಆ ಬೆನ್ನಿನ ಫೋಟೊ ಯಾವ ಪೇಪರಿನಲ್ಲೂ ಬಂದಿಲ್ಲ.

ಏಳಕ್ಕೆ ಅಂಗಳದಲ್ಲಿ ಇನ್ನೂ ಐವರು ಹೆಂಗಸರು ಸೇರುತ್ತಾರೆ. ಓದಲು ಬಲ್ಲವರು ಸುಂದರಾಬಾಯಿ ಒಬ್ಬರೇ. ಅರ್ಧ ತಾಸು ಬೈಬಲ್ ಓದುತ್ತಾರೆ. ಅಷ್ಟರಲ್ಲಿ ಅವರಿಗೆ ತಪ್ಪುವ ಐವತ್ತು ಬೀಡಿಯನ್ನು ಉಳಿದವರು ಸುತ್ತಿ ಅವರ ಮೊರಕ್ಕೆ ಹಾಕುತ್ತಾರೆ. ಹದಿನೆಂಟು ವರ್ಷದ ಪದ್ಧತಿ ಇದು. ಕೇಳುವವರಲ್ಲಿ ಕ್ರೈಸ್ತರು ಒಬ್ಬರೂ ಇಲ್ಲ.

“ಅವ ಇವನ್ನ ಹಡದ, ಇವ ಅವನ್ನ ಹಡದ ಅನ್ನೂದು ಬಿಟ್ಟು ಮುಂದ ಹೋಗಬೇ. ಗಂಡಸೂರು ಹಡದದ್ದಕ್ಕ ನಾವ್ಯಾಕ ಬೀಡಿ ಸುತ್ತೂನು?” ಎಂದು ವಂಶಾವಳಿಯ ಪುಟ ಬಂದಾಗಲೆಲ್ಲ ಪಕ್ಕದ ಮನೆಯ ಸಕ್ಕುಬಾಯಿ ಕಾಲೆಳೆಯುತ್ತಾರೆ.

ಮೂರು ವರ್ಷದ ಹಿಂದೆ ಹೊಲದ ಬದುವಿನ ಜಗಳದಲ್ಲಿ ಸುಂದರಾಬಾಯಿಯ ಒಬ್ಬಳೇ ಮಗಳು ನೀಲಮ ಮತ್ತು ನಾಲ್ಕು ವರ್ಷದ ಮೊಮ್ಮಗಳು ಕೊಲೆಯಾದರು. ಕೊಂದವನು ಅಳಿಯ ಭೂಪಾಲನ ಚಿಕ್ಕಪ್ಪನ ಮಗ ವಿಶ್ವಾಸ. ಕುಡುಗೋಲು ಬೀಸಿದ್ದನ್ನು ಕಂಡವರು ಸುಂದರಾಬಾಯಿ ಒಬ್ಬರೇ. ಕಟಕಟೆಯಲ್ಲಿ ನಿಂತು ಕಂಡದ್ದನ್ನು ಹೇಳಿದರು. ಕೋರ್ಟು ಗಲ್ಲು ಬರೆಯಿತು. ಈಗ ಅದು ಹೈಕೋರ್ಟಿನ ಮುಂದಿದೆ. ಗಲ್ಲು ಬೇಡ, ಸಾಯುವ ತನಕ ಜೈಲಿನಲ್ಲೇ ಇರಲಿ ಎಂದು ಅರ್ಜಿ ಕೊಡಲು ಈ ತಾಯಿ ಹೊರಟಿದ್ದಾರೆ.

ಕಳೆದ ಭಾನುವಾರ ಭೂಪಾಲ ಅಂಗಳದಲ್ಲೇ ನಿಂತು ಕೇಳಿದ: “ಅತ್ತಿ, ನಿಮ್ಮ ಪುಸ್ತಕದಾಗ ಜೀವಕ್ಕ ಜೀವ ಅಂತ ಬರದೈತೋ ಇಲ್ಲೋ?”

“ಬರದೈತಪಾ. ರಕ್ತ ಹರಿಸಿದವನ ರಕ್ತ ಹರೀಬೇಕು ಅಂತನೂ ಐತಿ.”

“ಮತ್ತ?”

“ಒಬ್ಬರ ಸಾಕ್ಷಿ ಮ್ಯಾಲೆ ಯಾರನ್ನೂ ಕೊಲ್ಲಬಾರದು ಅಂತನೂ ಐತಿ. ಇಬ್ಬರು, ಮೂವರು ಬೇಕು. ಕಲ್ಲು ಹೊಡದು ಕೊಲ್ಲೂದಿದ್ರ ಸಾಕ್ಷಿ ಹೇಳಿದವರ ಕೈನ ಮೊದಲ ಏಳಬೇಕು. ಕಂಡಾಕಿ ನಾ ಒಬ್ಬಾಕಿ. ನನ್ನ ಕೈ ಏಳವಲ್ದು.”

“ಹಂಗಾರ ನೀವು ಕಂಡದ್ದು ಸುಳ್ಳೇನು?”

“ಖರೇನ ಕಂಡೀನಿ. ಆ ಮಾತು ಸಾಯೂತನಾ ತಿರುಗಿಸೂದಿಲ್ಲ.”

ಅಂದಿನಿಂದ ಭೂಪಾಲ ಈ ಮನೆಯ ಹೊಸ್ತಿಲು ತುಳಿದಿಲ್ಲ. ಇದ್ದ ಒಂದು ನಂಟೂ ಹೋಯಿತು. ಚರ್ಚಿನ ಹಿರಿಯರೂ ಬುದ್ಧಿ ಹೇಳಿ ಹೋದರು, ಸರಕಾರದ ಕೈಗೆ ಕತ್ತಿ ಕೊಟ್ಟವನು ದೇವರೇ ಎಂದು. “ಕೊಟ್ಟಾನ್ರಿ. ಕತ್ತಿ ಐತಿ ಅಂತ ಬೀಸಲೇಬೇಕೇನ್ರಿ?” ಎನ್ನುತ್ತಾರೆ ಸುಂದರಾಬಾಯಿ.

ಇವತ್ತು ಓದುತ್ತಿರುವುದು ತಮ್ಮನನ್ನು ಕೊಂದ ಕಾಯಿನನ ಕಥೆ. ದೇವರು ಅವನನ್ನು ಊರು ಬಿಡಿಸಿ ಅಲೆಸಿದ. ಆದರೆ ಯಾರೂ ಕೊಲ್ಲದಂತೆ ಅವನ ಮೇಲೆ ಗುರುತು ಹಾಕಿದ. ಸಕ್ಕುಬಾಯಿಯ ಕೈ ನಿಲ್ಲುತ್ತದೆ. “ಕೊಂದವಗ ದೇವ್ರ ಕಾವಲಾ?”

“ಮಾಡಿದ್ದನ್ನ ಬದುಕಿ ಹೊರಲಿ ಅಂತಬೇ.”

ವಿಶ್ವಾಸನನ್ನು ಕ್ಷಮಿಸಿದ್ದೀರಾ ಎಂದು ಯಾರಾದರೂ ಕೇಳಿದರೆ ಸುಂದರಾಬಾಯಿ ತಲೆ ಅಲ್ಲಾಡಿಸುತ್ತಾರೆ. “ಇಲ್ರಿ. ಅದೂ ಪುಸ್ತಕದಾಗ ಐತಿ. ನಾ ಇನ್ನ ಆ ಪುಟ ಮುಟ್ಟಿಲ್ಲ.”

ವಕೀಲರ ಗುಮಾಸ್ತ ಅರ್ಜಿ ಟೈಪ್ ಮಾಡಿ ತಂದಿದ್ದಾನೆ: ಸುಂದರಾಬಾಯಿ, ಬೀಡಿ ಕಾರ್ಮಿಕಳು, ಪ್ರತ್ಯಕ್ಷ ಸಾಕ್ಷಿ. ಅವರು ಅದನ್ನು ಎರಡು ಸಲ ಓದಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

“ಇದೆಲ್ಲಾ ಇರಲ್ರಿ. ಮ್ಯಾಲೆ ನೀಲಮನ ಅವ್ವ ಅಂತ ಬರಸ್ರಿ. ಇಲ್ಲಾಂದ್ರ ಬ್ಯಾರೆ ಯಾರೋ ಕೇಳ್ಯಾರ ಅಂದ್ಕೊಂಡಾರು.”