ಕಂಡಕ್ಟರ ಹೆಂಡತಿ ಬಾಯಿಬಿಟ್ಟದ್ದು

ನಿವೃತ್ತ ಬಸ್ ಕಂಡಕ್ಟರ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ನೌಕರಿ ಇರುವ ತನಕ ಬಸ್ಸಿನ ತುಂಬ ಕಿವಿಗಳಿದ್ದವು. ಆಮೇಲೆ ಉಳಿದದ್ದು ಹೆಂಡತಿಯ ಎರಡು ಕಿವಿ. ಆಕೆ ಬಟ್ಟೆ ಮಡಚುತ್ತ "ಹೂಂ" ಎನ್ನುತ್ತಿದ್ದಳು. ಆ ಹೂಂ ಕೇಳಿಕೊಂಡೇ ತಮ್ಮ ಸಂಸಾರ ಸುಸೂತ್ರವಾಗಿ ಸಾಗಿದೆಯೆಂದು ಅವರು ನಂಬಿದ್ದರು.

ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡಾಗ ದೊಡ್ಡಾಸ್ಪತ್ರೆಗೆ ಸೇರಿಸಿದರು. ಕಾಲಿಗೆ ಭಾರ ಕಟ್ಟಿ ಮಲಗಿಸಿದ್ದಾಯಿತು. ಬಲಮಗ್ಗುಲಿನವನಿಗೆ ಕಿವಿ ಮಂದ. ಎಡಮಗ್ಗುಲಿನವನು ಒಂದೇ ದಿನದಲ್ಲಿ ಗೋಡೆಯ ಕಡೆ ತಿರುಗಿ ಮಲಗುವುದನ್ನು ಕಲಿತ. ಡಾಕ್ಟರು ಬಂದರೂ ಕಾಲನ್ನು ಮಾತಾಡಿಸಿ ಹೋಗುತ್ತಿದ್ದರೇ ಹೊರತು ಕಾಲಿನ ಯಜಮಾನರನ್ನಲ್ಲ.

ಅಷ್ಟರಲ್ಲಿ ದೇವರು ಕಣ್ಣುಬಿಟ್ಟ. ವಿಶ್ವವಿದ್ಯಾಲಯದವರು ಹೊಸ ಏರ್ಪಾಟು ಮಾಡಿದರು. ವೈದ್ಯಕೀಯ ಓದುವ ಮಕ್ಕಳು ವಾರಕ್ಕೊಂದು ಮಧ್ಯಾಹ್ನ ಆಸ್ಪತ್ರೆಗೆ ಬರಬೇಕು. ಸೂಜಿ, ಔಷಧಿ ಮುಟ್ಟಕೂಡದು. ದಿಂಬು ಸರಿಮಾಡಿ, ನೀರು ಕುಡಿಸಿ, ಪಕ್ಕದಲ್ಲಿ ಕೂತು ರೋಗಿಯ ಮಾತು ಕೇಳಬೇಕು. ಕಂಡಕ್ಟರ ಪಾಲಿಗೆ ಬಂದವಳು ಇಸ್ತ್ರಿಯ ಮಡಿಕೆ ಮಾಸದ ಬಿಳಿ ಕೋಟಿನ ಹುಡುಗಿ.

"ಅಂಕಲ್, ಸ್ವಲ್ಪ ಹೊತ್ತು ಕೂತ್ಕೊಳ್ಲಾ? ನೀವು ಹೇಳಿ, ನಾನು ಕೇಳ್ತೀನಿ."

ಇಂಥ ಮಾತನ್ನು ಅವರಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಕಂಡಕ್ಟರು ಮೊದಲ ಸ್ಟಾಪಿನಿಂದಲೇ ಹೊರಟರು. ಚಿಲ್ಲರೆಯ ಜಗಳ, ಇಳಿಜಾರಿನಲ್ಲಿ ಕೈಕೊಟ್ಟ ಬ್ರೇಕು, ಬಸ್ಸಿನಲ್ಲೇ ಹುಟ್ಟಿದ ಮಗು. ಹುಡುಗಿ ಕಣ್ಣರಳಿಸಿದ್ದು ಕಂಡು ಮಗುವನ್ನು ಅವಳಿಯನ್ನಾಗಿ ಮಾಡಿದರು.

ಅವಳು ಹೋದ ಮೇಲೆ ಹೆಂಡತಿಗೆ, "ನೋಡಿದ್ಯಾ? ನನ್ನ ಮಾತು ಕೇಳೋಕೆ ಯೂನಿವರ್ಸಿಟಿಯೋರೇ ಜನ ಕಳಿಸ್ತಾರೆ," ಎಂದರು.

"ಹೂಂ," ಎಂದಳು ಆಕೆ.

ಮುಂದಿನ ವಾರಗಳಲ್ಲಿ ಹುಡುಗಿ ಬರುವ ಹೊತ್ತಿಗೆ ಕಂಡಕ್ಟರು ಗಡ್ಡ ಹೆರೆಸಿಕೊಂಡು ಸಿದ್ಧರಾಗಿರುತ್ತಿದ್ದರು. ಹಾಗೊಂದು ದಿನ ಕಥೆಯ ಬಸ್ಸು ಇಳಿಜಾರಿನಲ್ಲಿ ಉರುಳುತ್ತಿದ್ದಾಗಲೇ ಹೆಂಡತಿ ಕೆಳಗಿನಿಂದ ಬಿಸಿನೀರಿನ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಗೋಡೆ ಹಿಡಿದು ನಿಂತಳು. ಹುಡುಗಿಯ ಕಣ್ಣು ಬಸ್ಸಿನಿಂದಿಳಿದು ಆಕೆಯ ಪಾದದ ಮೇಲೆ ನಿಂತಿತು. ಬಾತ ಪಾದದಲ್ಲಿ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು.

"ಅಮ್ಮಾ, ನಿಮ್ಮ ಆರೋಗ್ಯ ಹೇಗಿದೆ?"

"ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ!" ಎಂದರು ಕಂಡಕ್ಟರು.

"ಅಮ್ಮನೇ ಹೇಳ್ಲಿ ಅಂಕಲ್."

ಇನ್ಯಾವ ಅಮ್ಮನನ್ನು ಕೇಳಿದಳೋ ಎಂದು ಹೆಂಡತಿ ಹಿಂದೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ ಶುರುಮಾಡಿದಳು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಮಲಗಿದರೆ ಎದೆ ಮೇಲೆ ಯಾರೋ ಕೂತ ಹಾಗೆ. ಅದಕ್ಕೇ ಗೋಡೆಗೊರಗಿ ಕೂತೇ ನಿದ್ದೆ.

ಆಕೆ ಹಾಗೆ ಕೂತಿರುವುದು ತಮ್ಮ ಕಥೆ ಕೇಳುವ ಆಸೆಗೆ ಎಂದು ಕಂಡಕ್ಟರು ತಿಳಿದಿದ್ದರು.

"ಎಷ್ಟು ದಿನದಿಂದ ಅಮ್ಮಾ?"

"ಇವ್ರು ರಿಟೈರ್ ಆದಾಗಿಂದ."

"ಇವರಿಗೆ ಹೇಳ್ಲಿಲ್ವಾ?"

"ಹೇಳೋಣ ಅಂತಲೇ ಇದ್ದೆ. ಇವ್ರ ಮಾತು ಒಂದು ಮುಗೀಲಿ ಅಂತ ಕಾಯ್ತಿದ್ದೆ."

ಗೋಡೆಯ ಕಡೆ ತಿರುಗಿದ್ದವನು ಕಿಸಕ್ಕನೆ ನಕ್ಕು ಇತ್ತ ಮಗ್ಗುಲಾದ. ಹುಡುಗಿ ಓಡಿಹೋಗಿ ದೊಡ್ಡ ಡಾಕ್ಟರನ್ನು ಕರೆತಂದಳು. ಹೃದಯ ಸೋತಿದೆ ಎಂದು ಅಂದೇ ಆಕೆಯನ್ನು ಮೇಲಿನ ಹೆಂಗಸರ ವಾರ್ಡಿಗೆ ಸೇರಿಸಿಕೊಂಡರು.

ಕಾಲಿಗೆ ಕಟ್ಟಿದ ಭಾರ ಇಳಿಯುವವರೆಗೆ ಕಂಡಕ್ಟರು ಚಾವಣಿ ನೋಡುತ್ತ ಮಲಗಿದರು. ಹುಡುಗಿ ಬಂದರೆ ಒಂದೇ ಪ್ರಶ್ನೆ: "ಅವಳು ಹೇಗಿದಾಳಮ್ಮಾ?"

ಹೆಂಡತಿಗೆ ಔಷಧಿ ಹಿಡಿಯಿತು, ಊತ ಇಳಿಯಿತು. ವಾಕರ್ ಹಿಡಿದು ನಡೆಯುವಂತಾದ ದಿನ ಕಂಡಕ್ಟರು ಲಿಫ್ಟಿನಲ್ಲಿ ಮೇಲೆ ಹೋದರು. ಹೆಂಡತಿಯ ಮಂಚದ ಸುತ್ತ ಬಿಳಿ ಕೋಟುಗಳು. ಚಿಕ್ಕಂದಿನಲ್ಲಿ ನಿದ್ದೆಯಲ್ಲಿದ್ದ ಅಣ್ಣನ ಸೈಕಲ್ ಕದ್ದು ಓಡಿಸಿದ ಕಥೆಯನ್ನು ಆಕೆ ಕೈಬೀಸಿ ಹೇಳುತ್ತಿದ್ದಳು.

"ನಿನಗೆ ಸೈಕಲ್ ಬರುತ್ತೇನೇ?" ಎಂದರು ಕಂಡಕ್ಟರು, ಬೆರಗಾಗಿ.

"ಸ್ವಲ್ಪ ಇರಿ, ಮಧ್ಯೆ ಬಾಯಿ ಹಾಕ್ಬೇಡಿ," ಎಂದು ಆಕೆ ಮುಂದುವರಿಸಿದಳು.

ಮಕ್ಕಳು ಸರಿದು ಜಾಗ ಕೊಟ್ಟರು. ಕಂಡಕ್ಟರು ಮಂಚದ ಅಂಚಿಗೆ ಕೂತರು. ಕಥೆಯಲ್ಲಿ ಅಣ್ಣನಿಗಿನ್ನೂ ಎಚ್ಚರವೇ ಆಗಿರಲಿಲ್ಲ.