ಆದೆಪ್ಪನ ಚೀಲದಲ್ಲಿ ಏನಿತ್ತು

ನನ್ನ ಹೆಸರು ಅಕ್ಷೋಭ್ಯ. ಯಾವುದಕ್ಕೂ ಅಲುಗದವನು ಎಂದು ಅರ್ಥವಂತೆ. ಮಾನ್ವಿಯಿಂದ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ದನಿ ಏರಿಸಿದರೂ ಕೂತ ಸೀಟು ಬಿಟ್ಟು ಎದ್ದು ನಿಲ್ಲುತ್ತೇನೆ. ಮೂರು ವರ್ಷದ ಡಿಪ್ಲೊಮಾವನ್ನು ಐದು ವರ್ಷ ಆಳವಾಗಿ ಅಭ್ಯಾಸ ಮಾಡಿದ ನನ್ನನ್ನು ಗುತ್ತಿಗೆದಾರ ಪ್ರಭುರಾಜ ಅವರು ಸೂಪರ್‌ವೈಸರ್ ಮಾಡಿಕೊಂಡಿದ್ದರು. ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ ಆರಿಸಲು ಬೇಕಾದ ನೀರಿನ ಟ್ಯಾಂಕು, ಪಂಪು, ಪೈಪುಗಳನ್ನು ಕೂರಿಸುವುದು ಅವರ ಕಸುಬು. ರಾಯಚೂರಿನ ಹೊರಗೆ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಆ ಕೆಲಸ ನಡೆದಿತ್ತು. ಮಾಡುತ್ತಿದ್ದವನು ಆದೆಪ್ಪ. ನೋಡುತ್ತಿದ್ದವನು ನಾನು.

"ನೋಡೋದಂದ್ರ ಬರೇ ನೋಡೋದಲ್ಲ," ಎಂದಿದ್ದರು ಪ್ರಭುರಾಜ. "ಹೋದ ಸೈಟಿನಾಗ ಎರಡು ವಾಲ್ವಿಗೆ ಕಾಲು ಬಂದು ನಡದು ಹೋಗ್ಯಾವ. ಆದೆಪ್ಪ ಆ ಚೀಲ ಹೆಗಲಿಂದ ಇಳಸಂಗಿಲ್ಲ, ನೋಡೀದಿ? ದಿನಾ ಸಂಜಿಗೆ ನನಗ ವಾಟ್ಸಾಪ್ ಮಾಡು."

ಆದೆಪ್ಪ ದೇವದುರ್ಗದ ಕಡೆಯವನು. ವಯಸ್ಸು ಐವತ್ತರ ಮೇಲೆ. ಆಧಾರ್ ಕಾರ್ಡಿನ ಪ್ರಕಾರ ಅವನ ಓಣಿಯವರೆಲ್ಲರಂತೆ ಜನವರಿ ಒಂದಕ್ಕೆ ಹುಟ್ಟಿದವನು. ಹದಿನೇಳಕ್ಕೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪೈಪು ಹೊರುವ ಕೂಲಿಗೆ ಸೇರಿದ. ಹೊರುತ್ತ ಹೊರುತ್ತಲೇ ವೆಲ್ಡಿಂಗ್ ಕಲಿತ. ಆಮೇಲೆ ಸಿರವಾರದ ಅಕ್ಕಿ ಗಿರಣಿಗಳಿಂದ ಹಿಡಿದು ರಾಯಚೂರಿನ ಜಿನ್ನುಗಳವರೆಗೆ ಎಷ್ಟೋ ಟ್ಯಾಂಕು ನಿಲ್ಲಿಸಿದ್ದಾನೆ. ಕಾಗದಪತ್ರ ಅಂತ ಅವನ ಬಳಿ ಏನೂ ಇಲ್ಲ. 'ಆದೆಪ್ಪನ ಟ್ಯಾಂಕು ಸೋರಂಗಿಲ್ಲ' ಎಂಬ ಜನರ ಮಾತೇ ಅವನ ಸರ್ಟಿಫಿಕೇಟು. ಒಂದು ಸೋರಿತೆಂದು ಸುದ್ದಿ ಹಬ್ಬಿದರೆ ಸಾಕು, ಮೂರು ತಾಲೂಕಿನಲ್ಲಿ ಅವನನ್ನು ಕರೆಯುವವರಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕಾಣುತ್ತಿದ್ದುದು ಚೀಲ ಮಾತ್ರ.

ಟ್ಯಾಂಕಿನ ಬೆಸುಗೆ ಮುಗಿದ ದಿನ ಅವನು ಚೀಲದಿಂದ ವಿಭೂತಿ ಗಟ್ಟಿ ತೆಗೆದ. ನೀರಲ್ಲಿ ಕಲಸಿ ಒಂದೊಂದೇ ಬೆಸುಗೆಗೆ ಹೊರಗಿನಿಂದ ಬಳಿದ. ನಮ್ಮದು ಗೋಪಿಚಂದನದ ಮನೆ. ಟ್ಯಾಂಕಿಗೆ ವಿಭೂತಿ ಹಚ್ಚುವ ಶಾಸ್ತ್ರ ನಾನು ಕಂಡವನಲ್ಲ. 'ಕೆಲಸ ಕಳಪೆ, ಭಾರ ದೇವರ ಮೇಲೆ' ಎಂದು ಪ್ರಭುರಾಜರಿಗೆ ಮೆಸೇಜು ಹಾಕಿದೆ. ಮಧ್ಯಾಹ್ನ ರೊಟ್ಟಿ ಉಣ್ಣಲು ಅವನು ಚೀಲ ಇಳಿಸಿ ಕೈ ತೊಳೆಯಲು ಹೋದ. ಕೈ ಹಾಕಿಯೇಬಿಟ್ಟೆ. ಒಂದು ಬಾಟಲಿ ಸಿಕ್ಕಿತು. ಮೂಸಿದೆ. ಸೀಮೆಎಣ್ಣೆ! ಸುತ್ತ ಗುಡ್ಡದಷ್ಟು ಹತ್ತಿ, ಬೆಂಕಿ ಆರಿಸಲು ಬಂದವನ ಚೀಲದಲ್ಲಿ ಸೀಮೆಎಣ್ಣೆ.

"ಸರ್, ಇವ್ನು ಮಿಲ್ಲಿಗೆ ಬೆಂಕಿ ಹಚ್ಚೋ ಮನಿಷಾ ಅದಾನ್ರಿ," ಎಂದು ಫೋನಿನಲ್ಲಿ ಪಿಸುಗುಟ್ಟುತ್ತಿದ್ದೆ. ತಿರುಗಿದರೆ ಆದೆಪ್ಪ ಒದ್ದೆ ಕೈಯಲ್ಲಿ ನಿಂತಿದ್ದ.

"ಬರ್ರಿ ಆಚಾರ್ರ. ಹ್ಯಾಂಗ ಹಚ್ಚತೀನಿ ತೋರಸ್ತೀನಿ."

ಖಾಲಿ ಟ್ಯಾಂಕಿನೊಳಗೆ ನನ್ನನ್ನು ಇಳಿಸಿ, ಅರಿವೆಯಿಂದ ಬೆಸುಗೆಗಳಿಗೆ ಒಳಗಿನಿಂದ ಸೀಮೆಎಣ್ಣೆ ಸವರಿದ. "ಸೂಜಿ ಮೊನಿಯಷ್ಟು ತೂತಿದ್ರೂ ಎಣ್ಣಿ ಹೊರಗ ಹಾಯ್ತದ. ವಿಭೂತಿ ಮ್ಯಾಲ ಕಲಿ ಬೀಳ್ತದ."

"ವಿಭೂತಿನ ಬೇಕೇನು?"

"ಸುಣ್ಣಾನೂ ನಡೀತದ. ಇದು ನುಣ್ಣಗಿರ್ತದ, ಅಷ್ಟ. ಟ್ಯಾಂಕಿಗೇನು ಜಾತಿ ಅದ ಏನ್ರಿ?"

ಹೊರಗೆ ಬಂದು ಕಾದೆವು. ಒಂದೇ ಕಡೆ ಸಾಸಿವೆಯಷ್ಟು ಕಲೆ ಮೂಡಿತು. ಎಣ್ಣೆ ಒರೆಸಿ, ಆ ಜಾಗ ಉಜ್ಜಿ, ಮತ್ತೆ ಬೆಸೆದ. "ಇದನ್ನೂ ಮೆಸೇಜ್ ಮಾಡ್ರಿ," ಎಂದ. "ಬರೇ ನನ್ನ ಮ್ಯಾಲ ದೂರಷ್ಟ ಬರೀಬ್ಯಾಡ್ರಿ."

ನಾಚಿಕೆಯಾಯಿತು. ಎರಡು ದಿನ ಬಾಳಿಕೆ ಬಂತು ಆ ನಾಚಿಕೆ. ಯಾಕೆಂದರೆ ಟ್ಯಾಂಕು ತುಂಬಿಸಿದ ಮರುದಿನವೇ ನೀರು ಒಂದು ಗೇಣು ಇಳಿದಿತ್ತು. ಅದರ ಮರುದಿನ ಇನ್ನೊಂದು ಗೇಣು. ನನ್ನ ಅನುಮಾನ ಎದ್ದು, ಮೈ ಮುರಿದು, ಕೆಲಸಕ್ಕೆ ಹಾಜರಾಯಿತು.

ಪ್ರಭುರಾಜ ಬಂದರು. "ಆದೆಪ್ಪ, ಶುಕ್ರವಾರ ತಪಾಸಣಿಗೆ ಸಾಹೇಬ್ರು ಬರ್ತಾರ. ನಾಳೆ ಮುಂಜಾನಿ ಮತ್ತ ಇಳದಿದ್ರ ನೀ ಮನಿಗೆ ನಡಿ. ಬ್ಯಾರೇದವನ್ನ ಕರಸ್ತೀನಿ."

ಪಕ್ಕದಲ್ಲಿದ್ದ ಮಿಲ್ಲಿನ ಸಾವ್ಕಾರರು ಮರುಗಿದರು. "ಸೋರೋ ಟ್ಯಾಂಕು ತಗೊಂಡು ನಾವೇನ್ ಮಾಡೋಣ್ರಿ? ಆದೆಪ್ಪಗ ವಯಸ್ಸಾತು ಕಾಣಸ್ತದ."

ಆ ಮಾತಿಗೆ ಆದೆಪ್ಪನ ಮುಖ ಕಪ್ಪಿಟ್ಟಿತು. ಅವರು ಹೋದ ಮೇಲೆ ಚಪ್ಪಲಿ ಬಿಟ್ಟು ಟ್ಯಾಂಕಿನ ಸುತ್ತ ಬರಿಗಾಲಲ್ಲಿ ಎರಡು ಸುತ್ತು ಹಾಕಿದ.

"ಬುಡದ ವಾಲ್ವು ಬಂದ್ ಅದ. ಮಣ್ಣು ಒಣಗಿ ಕಾಲು ಸುಡಾಕತ್ತದ. ನೀರು ಕೆಳಗಿಂದ ಹೋಗಿಲ್ಲಂದ್ರ ಮ್ಯಾಲಿಂದ ಹೋಗ್ಯಾವ. ಆಚಾರ್ರ, ಪ್ಯಾಟಿಗೆ ಹೋಗಿ ಎರಡು ಕಿಲೋ ನೀಲಿ ಪುಡಿ ತರ್ರಿ. ಸುಣ್ಣಕ್ಕ ಹಾಕ್ತಾರಲ್ಲ, ಅದು."

"ಯಾಕ?"

"ಮಾಟ ಮಾಡಾಕ. ಮೆಸೇಜ್ ಮಾಡ್ರಿ ಬೇಕಾದ್ರ."

ಮಾಡಲಿಲ್ಲ. ಮಾಡಲು ಬೆರಳು ಹೋಗಿತ್ತು, ಅದು ಬೇರೆ ಮಾತು. ತಂದ ಪುಡಿಯನ್ನು ಹಳೆಯ ಟವೆಲ್ಲಿನಲ್ಲಿ ಗಂಟು ಕಟ್ಟಿ, ಟ್ಯಾಂಕಿನ ಮೇಲಿನ ಮುಚ್ಚಳದ ಕೆಳಗೆ, ನೀರಲ್ಲಿ ಮುಳುಗುವಂತೆ ತೂಗುಬಿಟ್ಟೆವು. ಸಂಜೆ ಮನೆಯಲ್ಲಿ ಅಮ್ಮ ವಿಜಯಾಬಾಯಿ ನನ್ನ ನೀಲಿ ಬೆರಳುಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು. "ಖರೇ ಹೇಳು, ಎಲೆಕ್ಷನ್ ಇಲ್ಲ, ಏನಿಲ್ಲ, ಎಲ್ಲಿ ಹೋಗಿದ್ದಿ?" ಅನುಮಾನ ನನಗೆ ಹೊರಗಿನಿಂದ ಬಂದದ್ದಲ್ಲ.

ಮುಂಜಾನೆ ಮೊದಲ ಬಸ್ಸಿಗೆ ಹೋದೆ. ನೀರು ಇಳಿದಿತ್ತು. ಪ್ರಭುರಾಜ ಬೈಕಿನ ಮೇಲೆಯೇ ಕೂತಿದ್ದರು. ಆದೆಪ್ಪ ಹೆಗಲಿಗೆ ಚೀಲ ಏರಿಸಿಕೊಂಡು, ತನ್ನ ಬಟ್ಟೆಬರೆಯ ಗಂಟನ್ನೂ ಕಟ್ಟಿಕೊಂಡು ನಿಂತಿದ್ದ. ಟ್ಯಾಂಕಿನ ಕಡೆ ಅವನು ನೋಡಲೇ ಇಲ್ಲ.

"ಹೋಗೋ ಮುಂದ ಒಂದ್ಸಲ ಹತ್ತಿ ರಾಶಿ ನೋಡೂಣು ಬರ್ರಿ," ಎಂದು ಅಂಗಳಕ್ಕೆ ನಡೆದ.

ಹತ್ತಿಯ ರಾಶಿ ಬೆಳಗಿನ ಬಿಸಿಲಲ್ಲಿ ತಿಳಿ ನೀಲಿಯಾಗಿ ಹೊಳೆಯುತ್ತಿತ್ತು. ಮಗ್ಗುಲಲ್ಲಿ ಸಣ್ಣ ಮೋಟಾರು, ಇನ್ನೂ ತೊಟ್ಟಿಕ್ಕುತ್ತಿದ್ದ ಉದ್ದನೆಯ ಪೈಪು. ತೂಕ ಹೆಚ್ಚಲೆಂದು ಹತ್ತಿಗೆ ನೀರು ಹೊಡೆಯುವ ಮಿಲ್ಲುಗಳುಂಟೆಂದು ಕೇಳಿದ್ದೆ. ಬೆಂಕಿಗೆಂದು ತುಂಬಿಸಿಟ್ಟ ನೀರನ್ನೇ ಹೊಡೆಯುತ್ತಾರೆಂದು ಕೇಳಿರಲಿಲ್ಲ.

ಸಾವ್ಕಾರರು ಓಡಿ ಬಂದರು. "ಯಾವನಲೇ ನನ್ನ ಹತ್ತಿಗೆ ನೀಲಿ ಹಾಕಿದಾಂವ?"

"ಹತ್ತಿಗೆ ಯಾರೂ ಹಾಕಿಲ್ರಿ ಸಾವ್ಕಾರ್ರ," ಎಂದ ಆದೆಪ್ಪ. "ಬೆಂಕಿ ನೀರಿಗೆ ಹಾಕಿದ್ವಿ. ಅದು ಇಲ್ಲಿಗೆ ಹ್ಯಾಂಗ ಬಂತು, ನೀವ ಹೇಳ್ರಿ."

ಸಾವ್ಕಾರರ ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲಕ್ಕೆ, "ಚಾ ಹೇಳ್ರೋ ಯಾರರೆ," ಎಂದಿತು.

ಟ್ಯಾಂಕು ಮತ್ತೆ ತುಂಬಿತು. ಆಮೇಲೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಶುಕ್ರವಾರ ತಪಾಸಣೆಯ ಸಾಹೇಬರು ಪಂಪು ಹಾಕಿಸಿದರು. ನೀರು ಶೆಡ್ಡಿನ ನೆತ್ತಿ ದಾಟಿ ಹಾರಿತು. "ಸ್ವಲ್ಪ ನೀಲಿ ಕಾಣ್ತದಲ್ಲ?" ಎಂದು ಅವರು ಅನುಮಾನಿಸಿದಾಗ, ಆಕಾಶದ ನೆರಳು ಇರಬೇಕು ಎಂದು ಸಾವ್ಕಾರರೇ ಮುಂದೆ ಬಂದು ವಿವರಿಸಿದರು.

ಸಾಹೇಬರು ಸಹಿ ಹಾಕಿ ಹೋದ ಮೇಲೆ ಪ್ರಭುರಾಜ ಆದೆಪ್ಪನಿಗೆ ಕುರ್ಚಿ ಎಳೆದು ಕೊಟ್ಟರು. "ಮುಂದಿನ ವಾರ ಮಾನ್ವಿ ಕೆಲಸ, ನೀನ ಬರಬೇಕು. ಕುಂದ್ರು, ಚಾ ಕುಡಿ. ಆ ಚೀಲ ಕೆಳಗಿಡೋ ಮಾರಾಯ."

ಆದೆಪ್ಪ ಕೂತ. ಚೀಲ ತೊಡೆಯ ಮೇಲೆ ಬಂತು.

"ಇಡಂಗಿಲ್ರಿ," ಎಂದ. "ಆಚಾರ್ರು ಇಲ್ಲೇ ಅದಾರ."